ಪ್ರಾಮಾಣಿಕ: ಅಳತೆಗೆ ಒಪ್ಪಿಕೊಂಡವನು

ಯಾವುದಾದರೊಂದು ದಿನದ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರೆ ‘ಪ್ರಮಾಣ’ ಎಂಬ ಪದ ನಾಲ್ಕಾರು ವೇಷಗಳಲ್ಲಿ ಎದುರಾಗುತ್ತದೆ. ಕೊಡಗಿನಲ್ಲಿ ಮಳೆಯ ಪ್ರಮಾಣ ಹೆಚ್ಚಿದೆ. ಹೊಸ ಸಚಿವರು ರಾಜಭವನದಲ್ಲಿ ಪ್ರಮಾಣವಚನ ಸ್ವೀಕರಿಸಿದ್ದಾರೆ. ಅಭ್ಯರ್ಥಿಯೊಬ್ಬರು ಆಸ್ತಿಯ ಪ್ರಮಾಣಪತ್ರ ಸಲ್ಲಿಸಿದ್ದಾರೆ. ಇಬ್ಬರು ಮುಖಂಡರು ದೇವರ ಮುಂದೆ ಆಣೆ-ಪ್ರಮಾಣಕ್ಕೆ ಬಾ ಎಂದು ಒಬ್ಬರಿಗೊಬ್ಬರು ಸವಾಲು ಹಾಕಿಕೊಂಡಿದ್ದಾರೆ. ರೈತ ಸಂಪರ್ಕ ಕೇಂದ್ರಕ್ಕೆ ಪ್ರಮಾಣಿತ ಬಿತ್ತನೆ ಬೀಜ ಬಂದಿದೆ. ಒಳಪುಟದ ಮೂಲೆಯಲ್ಲಿ, ಪ್ರಯಾಣಿಕರು ಮರೆತುಹೋದ ಒಡವೆಯ ಚೀಲವನ್ನು ಠಾಣೆಗೆ ತಂದುಕೊಟ್ಟ ಆಟೊ ಚಾಲಕರ ಪ್ರಾಮಾಣಿಕತೆಗೆ ಮೆಚ್ಚುಗೆ ವ್ಯಕ್ತವಾಗಿದೆ.

ಅಳತೆ, ಆಣೆ, ಪುರಾವೆ, ದಾಖಲೆ, ಕೊನೆಗೆ ನಡತೆ. ಇಷ್ಟು ದೂರದ ಅರ್ಥಗಳು ಒಂದೇ ಪದದ ಹೊಟ್ಟೆಯಲ್ಲಿ ಹೇಗೆ ಸೇರಿಕೊಂಡವು? ನಡತೆಯ ವಿಷಯದಲ್ಲಿ ಕನ್ನಡಿಗರು ಇವತ್ತು ಕೊಡುವ ಅತಿ ದೊಡ್ಡ ಮರ್ಯಾದೆ ‘ಪ್ರಾಮಾಣಿಕ ಮನುಷ್ಯ’ ಎಂಬುದು. ಆ ಮರ್ಯಾದೆಯೊಳಗೆ ಏನೇನು ಇದೆ ಎಂದು ತಿಳಿಯಬೇಕಾದರೆ ಪದದ ಹಿಂದೆ ಬಹಳ ದೂರ ನಡೆಯಬೇಕು.

ಬೇರು ಸಂಸ್ಕೃತದ ‘ಮಾ’ ಧಾತು. ಅಳೆಯುವುದು ಎಂದು ಅರ್ಥ. ಪರಿಮಾಣ, ಅನುಮಾನ, ಉಪಮಾನ, ನಿರ್ಮಾಣ, ಮಾಪನ, ಮಾತ್ರೆ ಎಲ್ಲವೂ ಇದೇ ಮನೆಯ ಮಕ್ಕಳು. ನಮ್ಮ ಹಳೆಯ ಅಳತೆಗಳಲ್ಲಿ ಒಂದಾದ ‘ಮಾನ’ವೂ ಇಲ್ಲಿಂದಲೇ ಬಂದದ್ದು. (ಮಾನ-ಮರ್ಯಾದೆಯ ‘ಮಾನ’ ಬೇರೆ, ಅದು ಎಣಿಸು, ಭಾವಿಸು ಎನ್ನುವ ‘ಮನ್’ ಧಾತುವಿನದು. ಎರಡೂ ಕನ್ನಡದಲ್ಲಿ ಒಂದೇ ರೂಪಕ್ಕೆ ಬಂದು ನಿಂತಿವೆ.) ‘ಪ್ರ’ ಸೇರಿದಾಗ ಪ್ರಮಾಣ: ಯಾವುದರಿಂದ ಚೆನ್ನಾಗಿ ಅಳೆಯುತ್ತೇವೋ ಅದು. ಅಂದರೆ ಅಳತೆಯೂ ಹೌದು, ಅಳತೆಗೋಲೂ ಹೌದು. ಈ ಇಬ್ಬಗೆಯನ್ನು ನೆನಪಿನಲ್ಲಿಟ್ಟುಕೊಂಡರೆ ಪದದ ಮುಂದಿನ ಬಾಳು ಅರ್ಥವಾಗುತ್ತದೆ.

ಶಾಸ್ತ್ರಕಾರರು ಈ ಅಳತೆಗೋಲನ್ನು ಭತ್ತ, ಬಟ್ಟೆ, ಹೊಲದಿಂದ ಎತ್ತಿ ಅರಿವಿಗೆ ಹಿಡಿದರು. ನಿಜವಾದ ತಿಳಿವಳಿಕೆ ಯಾವುದರಿಂದ ಹುಟ್ಟುತ್ತದೋ ಅದೇ ಪ್ರಮಾಣ. ಗೌತಮನ ನ್ಯಾಯಸೂತ್ರಗಳು ನಾಲ್ಕನ್ನು ಒಪ್ಪಿದವು: ಕಣ್ಣಾರೆ ಕಂಡ ಪ್ರತ್ಯಕ್ಷ, ಹೊಗೆಯಿಂದ ಬೆಂಕಿಯನ್ನು ಊಹಿಸುವ ಅನುಮಾನ, ಹೋಲಿಕೆಯ ಉಪಮಾನ, ನಂಬಬಹುದಾದವರ ಮಾತಾದ ಶಬ್ದ. ಚಾರ್ವಾಕರು ಪ್ರತ್ಯಕ್ಷ ಒಂದನ್ನೇ ಒಪ್ಪಿದರು, ಬೌದ್ಧರಲ್ಲಿ ದಿಙ್ನಾಗ ಎರಡಕ್ಕೆ ನಿಲ್ಲಿಸಿದ, ಭಾಟ್ಟ ಮೀಮಾಂಸಕರು ಆರರವರೆಗೆ ಹೋದರು. ಕರ್ನಾಟಕದ ಪಂಡಿತರಿಗೆ ಇದು ದೂರದ ಚರ್ಚೆಯಾಗಿರಲಿಲ್ಲ. ಮಧ್ವಾಚಾರ್ಯರು ‘ಪ್ರಮಾಣಲಕ್ಷಣ’ ಬರೆದರು. ಅವರ ಪರಂಪರೆಯ ಜಯತೀರ್ಥರು ‘ಪ್ರಮಾಣಪದ್ಧತಿ’ ಬರೆದರು. ಜೈನರಲ್ಲಿ ವಿದ್ಯಾನಂದರ ‘ಪ್ರಮಾಣಪರೀಕ್ಷೆ’ ಇದೆ. ಪ್ರಮಾಣಗಳನ್ನು ಹಿಡಿದು ಮಾತನಾಡುವವನಿಗೆ ಪ್ರಾಮಾಣಿಕ ಎಂಬ ಹೆಸರು ಬಂತು. ಧರ್ಮದಿಂದ ಧಾರ್ಮಿಕ, ಸಮಾಜದಿಂದ ಸಾಮಾಜಿಕ ಆದಂತೆ ಮೊದಲಕ್ಷರ ದೀರ್ಘವಾಗಿ ಪ್ರಮಾಣದಿಂದ ಪ್ರಾಮಾಣಿಕ. ಆಗ ಅದಕ್ಕೆ ಕೈ ಶುದ್ಧವಿದ್ದವನು ಎಂಬ ಅರ್ಥವಿರಲಿಲ್ಲ. ಆಧಾರವಿಲ್ಲದೆ ಬಾಯಿ ತೆರೆಯದವನು ಎಂದಷ್ಟೇ.

ಆದರೆ ಆ ನಾಲ್ಕನೆಯ ಪ್ರಮಾಣವಿದೆಯಲ್ಲ, ಶಬ್ದ, ಅದರಲ್ಲಿ ಮನುಷ್ಯನೇ ಒಳಗೆ ಬಂದುಬಿಟ್ಟಿದ್ದಾನೆ. ಯಾರ ಮಾತು ಪ್ರಮಾಣ? ಆಪ್ತನ ಮಾತು. ಆಪ್ತ ಎಂದರೆ ನಾವಿಂದು ಹೇಳುವ ಹತ್ತಿರದ ಗೆಳೆಯನಲ್ಲ. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ ಆಪ್ತನಿಗೆ ಮೂರು ಗುಣಗಳನ್ನು ಹೇಳುತ್ತಾನೆ. ಅವನಿಗೆ ವಿಷಯ ನೇರವಾಗಿ ಗೊತ್ತಿರಬೇಕು. ಕೇಳುವವರ ಮೇಲೆ ದಯೆ ಇರಬೇಕು. ಇದ್ದದ್ದನ್ನು ಇದ್ದ ಹಾಗೆ ತಿಳಿಸುವ ಇಚ್ಛೆ ಇರಬೇಕು. ಇನ್ನೊಂದು ಮಾತನ್ನೂ ಸೇರಿಸುತ್ತಾನೆ: ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ. ಹುಟ್ಟು ನೋಡಿ ಮಾತಿಗೆ ಬೆಲೆ ಕಟ್ಟುವ ಸಮಾಜದಲ್ಲಿ ಕೂತು ಒಬ್ಬ ತಾರ್ಕಿಕ ಹೀಗೆ ಬರೆದನಲ್ಲ ಎಂದು ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ.

ಈ ಮೂರು ಗುಣಗಳನ್ನು ಇನ್ನೊಮ್ಮೆ ನೋಡಿ. ನಮ್ಮ ಕಾಲ ಮೂರನೆಯದನ್ನು ಮಾತ್ರ ಉಳಿಸಿಕೊಂಡಿದೆ, ಅದನ್ನೂ ಅರ್ಧಕ್ಕೆ. ಸುಳ್ಳು ಹೇಳದಿದ್ದರೆ, ಲಂಚ ಮುಟ್ಟದಿದ್ದರೆ ಪ್ರಾಮಾಣಿಕ ಎನ್ನುತ್ತೇವೆ. ಹಳೆಯ ಲೆಕ್ಕದಲ್ಲಿ ಅರಿಯದೆ ಮಾತನಾಡುವವನು ಪ್ರಾಮಾಣಿಕನಾಗಲಾರ. ಕಡತ ಓದದೆ ಸಹಿ ಹಾಕುವ ಅಧಿಕಾರಿ, ಸ್ಥಳಕ್ಕೆ ಹೋಗದೆ ವರದಿ ಕೊಡುವ ಎಂಜಿನಿಯರ್, ಪಾಠ ತಯಾರಿಸಿಕೊಳ್ಳದೆ ತರಗತಿಗೆ ಬರುವ ಮೇಷ್ಟ್ರು, ಗೊತ್ತಿಲ್ಲದ ರೋಗಕ್ಕೆ ಗೊತ್ತಿರುವಂತೆ ಔಷಧಿ ಬರೆಯುವ ವೈದ್ಯ ಒಂದು ಪೈಸೆ ಮುಟ್ಟದಿರಬಹುದು. ಅವರ ಮಾತು ಪ್ರಮಾಣವಲ್ಲ, ಆದ್ದರಿಂದ ಅವರು ಪ್ರಾಮಾಣಿಕರೂ ಅಲ್ಲ. ‘ನನಗೆ ಇದು ಗೊತ್ತಿಲ್ಲ, ತಿಳಿದುಕೊಂಡು ಹೇಳುತ್ತೇನೆ’ ಎನ್ನುವ ಒಂದು ಮಾತು ಪ್ರಾಮಾಣಿಕತೆಯ ಮೊದಲ ಪಾಠ. ಅಧಿಕಾರ ಏರಿದಷ್ಟೂ ಆ ಮಾತನ್ನು ಹೇಳುವುದು ಕಷ್ಟವಾಗುತ್ತದೆ; ಹೇಳದೆ ಇದ್ದರೆ ಆಗುವ ಹಾನಿಯೂ ಅಷ್ಟೇ ಹೆಚ್ಚುತ್ತದೆ.

ಮನುಷ್ಯನೇ ಅಳತೆಗೋಲಾಗಿ ನಿಂತ ಒಂದು ಕಥೆ ‘ಮಾಧವೀಯ ಶಂಕರವಿಜಯ’ದಲ್ಲಿದೆ. ಶಂಕರರು ವಾದಕ್ಕಾಗಿ ಮೀಮಾಂಸಕ ಮಂಡನಮಿಶ್ರನ ಮನೆ ಹುಡುಕಿಕೊಂಡು ಬರುತ್ತಾರೆ. ಯಾವ ಮನೆಯ ಬಾಗಿಲಲ್ಲಿ ಪಂಜರದ ಗಿಳಿಗಳು ಅರಿವು ತನಗೆ ತಾನೇ ಪ್ರಮಾಣವೋ, ಇಲ್ಲ ಹೊರಗಿನಿಂದ ಪ್ರಮಾಣವಾಗಬೇಕೋ ಎಂದು ವಾದಿಸುತ್ತಿರುತ್ತವೋ ಅದೇ ಮಂಡನನ ಮನೆ ಎಂದು ನೀರಿಗೆ ಹೊರಟ ಹೆಂಗಸರು ದಾರಿ ತೋರಿಸುತ್ತಾರೆ. ಶಂಕರರೂ ಮಂಡನನೂ ವಾದಕ್ಕೆ ಪಣ ಕಟ್ಟುತ್ತಾರೆ: ಸೋತವರು ಗೆದ್ದವರ ಆಶ್ರಮ ಸ್ವೀಕರಿಸಬೇಕು. ಶಂಕರರು ಸೋತರೆ ಕಾವಿ ಕಳಚಿ ಗೃಹಸ್ಥರಾಗಬೇಕು, ಮಂಡನ ಸೋತರೆ ಮನೆ ಬಿಟ್ಟು ಸನ್ಯಾಸಿಯಾಗಬೇಕು. ತೀರ್ಪು ಹೇಳುವವರು ಯಾರು? ಮಂಡನನ ಹೆಂಡತಿ ಉಭಯಭಾರತಿ.

ಯೋಚಿಸಿ ನೋಡಿದರೆ ಇದು ಎಂಥ ಏರ್ಪಾಡು! ಕಕ್ಷಿಗಾರನ ಹೆಂಡತಿಯೇ ನ್ಯಾಯಾಧೀಶೆ. ಗಂಡ ಸೋತರೆ ಅವಳ ಸಂಸಾರವೇ ಮುಗಿಯುತ್ತದೆ. ಆದರೂ ಎದುರು ಪಕ್ಷದವರು ಅವಳನ್ನು ಒಪ್ಪಿಕೊಂಡರು. ಅವಳ ಪಾಂಡಿತ್ಯದ ಮೇಲೆ ಇದ್ದ ನಂಬಿಕೆಯ ಜೊತೆಗೆ, ಅವಳು ಕಂಡದ್ದನ್ನು ಕಂಡಂತೆ ಹೇಳುತ್ತಾಳೆ ಎಂಬ ನಂಬಿಕೆಯೂ ಇದ್ದುದರಿಂದ ಒಪ್ಪಿಕೊಂಡರು. ವಾದ ನಡೆದಷ್ಟು ದಿನವೂ ಅವಳು ಮಧ್ಯಾಹ್ನ ಗಂಡನನ್ನು ಊಟಕ್ಕೆ, ಯತಿಯನ್ನು ಭಿಕ್ಷೆಗೆ ಕರೆಯುತ್ತಿದ್ದಳಂತೆ. ಕೊನೆಯ ದಿನ ಇಬ್ಬರನ್ನೂ ಭಿಕ್ಷೆಗೆ ಕರೆದಳು. ಅದೇ ತೀರ್ಪು. ಗಂಡ ಸೋತ ಎಂದು ಅವಳು ಬೇರೆ ಹೇಳಬೇಕಾಗಲಿಲ್ಲ. ಅಲ್ಲಿಗೂ ಬಿಡದೆ, ಮಂಡನನ ಅರ್ಧಾಂಗಿಯಾದ ತನ್ನನ್ನೂ ಗೆದ್ದರೆ ಮಾತ್ರ ಗೆಲುವು ಪೂರ್ತಿ ಎಂದು ತಾನೇ ವಾದಕ್ಕೆ ಕೂತಳು. ತೀರ್ಪಿನಲ್ಲಿ ಪಕ್ಷಪಾತ ಮಾಡಲಿಲ್ಲ, ತನ್ನ ಹಕ್ಕನ್ನೂ ಬಿಟ್ಟುಕೊಡಲಿಲ್ಲ. ಮಂಡನನೇ ಮುಂದೆ ಸುರೇಶ್ವರರಾಗಿ ಶೃಂಗೇರಿ ಪೀಠಕ್ಕೆ ಬಂದರು ಎಂದು ಸಂಪ್ರದಾಯ ಹೇಳುತ್ತದೆ. ಇತಿಹಾಸಕಾರರಿಗೆ ಇದರಲ್ಲಿ ಎಷ್ಟು ಒಪ್ಪಿಗೆಯೋ ಆ ಮಾತು ಬೇರೆ. ಕಥೆ ಕಟ್ಟಿದವರ ಮನಸ್ಸಿನಲ್ಲಿ ಪ್ರಾಮಾಣ್ಯ ಎಂದರೆ ಏನಿತ್ತು ಎಂಬುದು ಮಾತ್ರ ಸ್ಪಷ್ಟ: ಸ್ವಂತ ನಷ್ಟದ ಎದುರಿನಲ್ಲೂ ಅಲುಗದ ಮಾತು.

ಶಾಸ್ತ್ರದ ಜಗಲಿಯಿಂದ ಪದ ನ್ಯಾಯದ ಚಾವಡಿಗೆ ಇಳಿಯಿತು. ಯಾಜ್ಞವಲ್ಕ್ಯ ಸ್ಮೃತಿ ವ್ಯಾಜ್ಯ ತೀರಿಸಲು ಮೂರು ಪ್ರಮಾಣಗಳನ್ನು ಹೇಳುತ್ತದೆ: ಬರಹ, ಅನುಭೋಗ, ಸಾಕ್ಷಿ. ಮೂರೂ ಇಲ್ಲದಾಗ ದಿವ್ಯ, ಅಂದರೆ ದೈವಕ್ಕೆ ಬಿಟ್ಟ ಪರೀಕ್ಷೆ. ಈ ಸ್ಮೃತಿಗೆ ‘ಮಿತಾಕ್ಷರ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು, 1076ರಲ್ಲಿ ಪಟ್ಟಕ್ಕೆ ಬಂದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಸ್ಮೃತಿ ಎಣಿಸುವ ಐದು ದಿವ್ಯಗಳು ತಕ್ಕಡಿ, ಬೆಂಕಿ, ನೀರು, ವಿಷ ಮತ್ತು ದೇವರ ತೀರ್ಥ. ತಕ್ಕಡಿಯ ದಿವ್ಯದಲ್ಲಿ ಆರೋಪಿಯನ್ನು ಒಂದು ತಟ್ಟೆಯಲ್ಲಿ ಕೂರಿಸಿ ತೂಗುತ್ತಿದ್ದರು. ಇಳಿಸಿ, ಮಂತ್ರ ಹೇಳಿ, ಮತ್ತೆ ಕೂರಿಸುತ್ತಿದ್ದರು. ಎರಡನೆಯ ಸಲ ತಟ್ಟೆ ಮೇಲೆದ್ದರೆ ನಿರಪರಾಧಿ. ಅಳತೆ ಎಂಬ ಮೂಲಾರ್ಥ ಇಲ್ಲಿ ಎಷ್ಟು ಭಯಂಕರವಾಗಿ ಮರಳಿ ಬಂದಿದೆ: ಮಾತನ್ನು ಅಳೆಯಲಾಗದೆ ಮೈಯನ್ನೇ ತೂಗಿದ್ದಾರೆ. ಕಾದ ಕಬ್ಬಿಣ ಹಿಡಿಸಿದ, ಕುದಿಯುವ ತುಪ್ಪದಲ್ಲಿ ಕೈ ಅದ್ದಿಸಿದ ಸಂಗತಿಗಳು ಕನ್ನಡ ಶಾಸನಗಳಲ್ಲೂ ಕಾಣಸಿಗುತ್ತವೆ. ಇವು ಮರಳಿ ಬಾರದಿರಲಿ.

ದಿವ್ಯ ಹೋಯಿತು, ಆಣೆ ಉಳಿಯಿತು. ‘ಪ್ರಮಾಣ ಮಾಡು’ ಎಂದರೆ ದೇವರ ಮುಂದೆ ನಿಂತು ಹೇಳು ಎಂದು. ಧರ್ಮಸ್ಥಳದ ದೇವರಿಗೆ ‘ಮಾತು ಬಿಡದ ಮಂಜುನಾಥ’ ಎಂಬ ಹೆಸರಿದೆ. ಅಲ್ಲಿ ಆಣೆ ಇಡುವುದಕ್ಕಿಂತ ಆಣೆಗೆ ಮೊದಲೇ ರಾಜಿಯಾಗಿ ಮರಳುವವರು ಹೆಚ್ಚು ಎಂದು ಕರಾವಳಿಯ ಹಿರಿಯರು ಹೇಳುತ್ತಾರೆ. ಬ್ರಿಟಿಷರ 1873ರ ಪ್ರಮಾಣ ಕಾಯಿದೆಯಲ್ಲೂ ಇದಕ್ಕೆ ಜಾಗವಿತ್ತು. ಎದುರಾಳಿ ಇಂಥ ರೀತಿಯಲ್ಲಿ ಆಣೆಯಿಟ್ಟು ಹೇಳಿದರೆ ನಾನು ಒಪ್ಪುತ್ತೇನೆ ಎಂದು ಕಕ್ಷಿಗಾರ ಕೋರ್ಟಿನಲ್ಲಿ ಹೇಳಬಹುದಿತ್ತು. ಎದುರಾಳಿ ಹಾಗೆ ಆಣೆಯಿಟ್ಟರೆ ಆ ಮಾತೇ ಅಂತಿಮ ಪುರಾವೆ. ಸ್ವತಂತ್ರ ಭಾರತದ 1969ರ ಕಾಯಿದೆ ಈ ಅವಕಾಶವನ್ನು ಕೈಬಿಟ್ಟಿತು. ಈಗ ಕೋರ್ಟಿನಲ್ಲಿ ಪ್ರಮಾಣ ಮಾಡಿದವನ ಮಾತು ಪಾಟೀಸವಾಲಿಗೆ ಸಿಕ್ಕಿ, ಬೇರೆ ಸಾಕ್ಷ್ಯಗಳ ಜೊತೆ ಒರೆಗೆ ಬಿದ್ದು, ಆಮೇಲೆ ನಿಲ್ಲಬೇಕು. ಸಚಿವರ ಅಧಿಕಾರ ಮತ್ತು ಗೋಪ್ಯತೆಯ ಪ್ರಮಾಣಕ್ಕೂ ಇದೇ ನಿಯಮ ಅನ್ವಯಿಸಬೇಕೆಂದು ನನ್ನ ಅಭಿಪ್ರಾಯ. ಆ ಪ್ರಮಾಣ ಪರೀಕ್ಷೆಯ ಆರಂಭ.

ಇಲ್ಲಿಗೆ ಬಂದಾಗ ಪದ ಒಂದು ಕವಲುದಾರಿಯಲ್ಲಿ ನಿಲ್ಲುತ್ತದೆ. ಹಿಂದಿಯಲ್ಲಿ ‘ಪ್ರಾಮಾಣಿಕ್’ ಎಂದರೆ ಅಧಿಕೃತ, ಅಸಲಿ. ತೆಲುಗಿನವರಿಗೆ ಅದು ಶಿಷ್ಟ, ಮಾನಕ ಎನ್ನುವ ಅರ್ಥದ್ದು. ನಾವು ಪ್ರಾಮಾಣಿಕತೆ ಎನ್ನುವುದಕ್ಕೆ ಅವರಲ್ಲಿ ‘ನಿಜಾಯಿತಿ’ ಇದೆ. ಬಂಗಾಳದಲ್ಲಿ ಪ್ರಾಮಾಣಿಕ್ ಮನೆತನದ ಹೆಸರೂ ಆಗಿದೆ. ಕನ್ನಡ, ಮರಾಠಿ, ಗುಜರಾತಿಗಳು ಇದನ್ನು ಗ್ರಂಥದಿಂದ ಬಿಡಿಸಿ ಮನುಷ್ಯನ ಎದೆಗೆ ತಂದವು. ‘ಪ್ರಾಮಾಣ್ಯ’ ಎಂಬ ರೂಪ ಶಾಸ್ತ್ರದಲ್ಲೇ ಉಳಿಯಿತು. ‘ಪ್ರಾಮಾಣಿಕತೆ’ ಸಂತೆಗೆ, ಶಾಲೆಗೆ, ಆಟೊ ನಿಲ್ದಾಣಕ್ಕೆ ಬಂತು. ಯಾರ ಮಾತನ್ನು ಪುರಾವೆ ಕೇಳದೆ ಒಪ್ಪಬಹುದೋ ಅವನು ಪ್ರಾಮಾಣಿಕ. ‘ಅವರ ಮಾತಿಗೆ ತೂಕವಿದೆ’, ‘ತೂಕದ ಮನುಷ್ಯ’ ಎಂದು ನಮ್ಮವರು ಮೊದಲಿನಿಂದ ಹೇಳುತ್ತಿದ್ದ ಭಾವನೆಗೆ ಸಂಸ್ಕೃತದ ಈ ಪದ ಸರಿಯಾಗಿ ಹೊಂದಿಕೊಂಡಿತು.

ಹಾಗಾದರೆ ಈ ಪದ ಬರುವ ಮೊದಲು ಕನ್ನಡಿಗರು ಏನೆನ್ನುತ್ತಿದ್ದರು? ‘ನನ್ನಿ’ ಎನ್ನುತ್ತಿದ್ದರು. ದಿಟ, ಕೊಟ್ಟ ಮಾತು ಉಳಿಸಿಕೊಳ್ಳುವುದು ಎರಡೂ ಅದರಲ್ಲಿವೆ. 941ರಲ್ಲಿ ಪಂಪ ತನ್ನ ಭಾರತವನ್ನು ಮುಗಿಸುವಾಗ ಒಬ್ಬೊಬ್ಬ ವೀರನಿಗೆ ಒಂದೊಂದು ಗುಣವನ್ನು ಹಂಚುತ್ತಾನೆ. ಛಲ ದುರ್ಯೋಧನನಿಗೆ, ಧರ್ಮ ಧರ್ಮರಾಯನಿಗೆ. ನನ್ನಿಯನ್ನು ಮಾತ್ರ ಸತ್ಯಕ್ಕೆ ಹೆಸರಾದ ಧರ್ಮರಾಯನಿಗೆ ಕೊಡದೆ ಕರ್ಣನಿಗೆ ಕೊಡುತ್ತಾನೆ. ತನ್ನ ಹುಟ್ಟು ತಿಳಿದ ಮೇಲೂ, ಸಿಂಹಾಸನ ಸಿಗುತ್ತದೆ ಎಂದು ಗೊತ್ತಾದ ಮೇಲೂ ನಂಬಿದವನನ್ನು ಬಿಟ್ಟು ಹೋಗದವನಿಗೆ. ಆ ಕಾಲದ ಶಾಸನಗಳಲ್ಲಿ ‘ಜೋಳವಾಳಿ’, ‘ವೇಳೆವಾಳಿ’ ಎಂಬ ಮಾತುಗಳಿವೆ: ಉಂಡ ಜೋಳದ ಋಣಕ್ಕೆ ಬದ್ಧನಾಗಿರುವುದು, ಒಡೆಯನಿಗಾಗಿ ಪ್ರಾಣ ಕೊಡುವ ಹರಕೆ. ಗಂಗ ದೊರೆಗಳು ‘ಸತ್ಯವಾಕ್ಯ’, ‘ನೀತಿಮಾರ್ಗ’ ಎಂಬ ಬಿರುದುಗಳನ್ನು ತಲೆಮಾರಿನಿಂದ ತಲೆಮಾರಿಗೆ ಅದಲುಬದಲಾಗಿ ಹೊತ್ತರು. ಇಮ್ಮಡಿ ಬೂತುಗನಿಗಂತೂ ‘ನನ್ನಿಯ ಗಂಗ’ ಎಂಬ ಬಿರುದು. ಅವನು ಗಂಗ ದೊರೆ ರಾಚಮಲ್ಲನನ್ನು ಕೊಂದು ಗಂಗವಾಡಿಯನ್ನು ಪಡೆದ ಎಂದು ಆತಕೂರಿನ ಶಾಸನವೇ ಹೇಳುತ್ತದೆ. ಬಿರುದು ನಡತೆಗೆ ಪುರಾವೆಯಾಗದು ಎಂಬುದು ಸಾವಿರ ವರ್ಷದಿಂದ ಕಲ್ಲಿನ ಮೇಲೇ ಇದೆ.

ನನ್ನಿ ಮರೆಯಾಯಿತು. ಅದರ ಜಾಗಕ್ಕೆ ಆಡುಮಾತಿನಲ್ಲಿ ಬಂದದ್ದು ‘ನಿಯತ್ತು’. ಅರಬ್ಬಿಯಲ್ಲಿ ಸಂಕಲ್ಪ, ಉದ್ದೇಶ ಎಂಬ ಅರ್ಥದ ಪದ ಪಾರಸಿ, ಉರ್ದುಗಳ ಮೂಲಕ ಬಂದು ನಮ್ಮಲ್ಲಿ ನಂಬಿಕೆಗೆ ಎರಡು ಬಗೆಯದಿರುವುದು ಎಂದಾಯಿತು. ‘ನಿಯತ್ತಾಗಿ ದುಡಿದ’, ‘ಉಂಡ ಮನೆಗೆ ನಿಯತ್ತಿಲ್ಲ’, ‘ನಾಯಿಗಿರುವ ನಿಯತ್ತು’. ಈ ಮಾತುಗಳನ್ನು ಗಮನಿಸಿದರೆ ಒಂದು ವಿಷಯ ಹೊಳೆಯುತ್ತದೆ. ನಿಯತ್ತಿಗೆ ಯಾವಾಗಲೂ ಎದುರಿಗೊಬ್ಬ ಒಡೆಯ ಬೇಕು. ಜೋಳವಾಳಿಯ ನೇರ ವಾರಸುದಾರ ಈ ಪದ. ಪ್ರಾಮಾಣಿಕತೆಗೆ ಒಡೆಯನಿಲ್ಲ, ಪ್ರಮಾಣ ಎನ್ನುವುದು ಎಲ್ಲರ ಕೈಯಲ್ಲೂ ಒಂದೇ ಅಳತೆ ತೋರಿಸಬೇಕು. ಗೆಳೆಯನ ಅಕ್ಕಿಗೊಂದು ಸೇರು, ಅಪರಿಚಿತನ ಅಕ್ಕಿಗೊಂದು ಸೇರು ಇಟ್ಟುಕೊಂಡವನ ಅಂಗಡಿಯಲ್ಲಿ ಅಳತೆಯೇ ಇಲ್ಲ.

ನಾಯಕತ್ವದ ನಿಜವಾದ ಇಕ್ಕಟ್ಟು ಇರುವುದು ಇಲ್ಲಿ. ಅಧಿಕಾರದಲ್ಲಿ ಇರುವವರು ಸುತ್ತಲಿನವರಿಂದ ನಿಯತ್ತನ್ನು ಬಯಸುತ್ತಾರೆ, ಹೊರಗಿನ ಜನ ಅವರಿಂದ ಪ್ರಾಮಾಣಿಕತೆಯನ್ನು ಬಯಸುತ್ತಾರೆ. ಪಕ್ಷದಲ್ಲಿ, ಕಚೇರಿಯಲ್ಲಿ, ಮಠದಲ್ಲಿ, ಸಹಕಾರಿ ಸಂಘದಲ್ಲಿ ‘ನಮ್ಮವನು’ ತಪ್ಪು ಮಾಡಿದಾಗ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ನಿಯತ್ತು ಸಣ್ಣ ಗುಣವೇನಲ್ಲ. ಕರ್ಣನನ್ನು ಓದಿ ಕಣ್ಣೀರು ಹಾಕಿದ ಯಾರೂ ಹಾಗೆ ಹೇಳಲಾರರು. ಆದರೆ ಸಾರ್ವಜನಿಕ ಸ್ಥಾನದಲ್ಲಿ ಕೂತವರು ಎರಡೂ ಎದುರುಬದುರಾದಾಗ ಉಭಯಭಾರತಿಯ ಕಡೆ ನಿಲ್ಲಬೇಕು.

ಗಿಳಿಗಳ ಚರ್ಚೆ ಇಲ್ಲಿ ನಮ್ಮ ಉಪಯೋಗಕ್ಕೆ ಬರುತ್ತದೆ. ಕುಮಾರಿಲಭಟ್ಟನಂಥ ಮೀಮಾಂಸಕರು ಅರಿವು ತನಗೆ ತಾನೇ ಪ್ರಮಾಣ ಎಂದರು. ಅದನ್ನು ಸುಳ್ಳು ಮಾಡುವ ಬಾಧಕ ಒಂದು ಎದುರಾಗುವವರೆಗೆ ನಂಬಬೇಕು. ನೈಯಾಯಿಕರು ಒಪ್ಪಲಿಲ್ಲ. ದೂರದಲ್ಲಿ ಕಂಡದ್ದು ನೀರೋ ಬಿಸಿಲುಗುದುರೆಯೋ ಹೋಗಿ ಕುಡಿದರೆ ಗೊತ್ತಾಗುತ್ತದೆ, ಫಲವೇ ಪರೀಕ್ಷೆ ಎಂದರು. ಮನುಷ್ಯರನ್ನು ನಾವು ನಂಬುವುದು ಮೀಮಾಂಸಕರ ರೀತಿಯಲ್ಲಿ. ಮೇಷ್ಟ್ರನ್ನು, ಬ್ಯಾಂಕಿನ ಗುಮಾಸ್ತರನ್ನು, ಬಸ್ಸಿನ ಚಾಲಕರನ್ನು ಮೊದಲೇ ಪರೀಕ್ಷಿಸಿ ನಂಬಲು ಹೊರಟರೆ ಒಂದು ದಿನವೂ ಬದುಕಲಾಗದು. ಆದ್ದರಿಂದಲೇ ಒಂದೇ ಒಂದು ಬಾಧಕ ಸಾಕು, ಹತ್ತು ವರ್ಷದ ನಂಬಿಕೆ ಕುಸಿಯುತ್ತದೆ. ಆದರೆ ನಮ್ಮನ್ನು ನಾವು ನೋಡಿಕೊಳ್ಳುವಾಗ ನೈಯಾಯಿಕರಾಗಬೇಕು. ನಾನು ಒಳ್ಳೆಯವನು ಎಂಬ ನನ್ನ ಅರಿವು ಪ್ರಮಾಣವಲ್ಲ. ಕೊಟ್ಟ ಮಾತು ನಡೆಯಿತೇ, ಲೆಕ್ಕ ತಾಳೆಯಾಯಿತೇ, ನನ್ನ ನಿರ್ಧಾರದಿಂದ ನಷ್ಟವಾದವನ ಎದುರು ಕೂತು ಕಾರಣ ಹೇಳಬಲ್ಲೆನೇ? ಅಂತರಂಗದ ಆತ್ಮಸಾಕ್ಷಿ ಬೇಕೇ ಬೇಕು. ಒಂಟಿ ಸಾಕ್ಷಿಯ ಮೇಲೆ ತೀರ್ಪು ಕೊಡಬಾರದೆಂಬುದೂ ನೆನಪಿರಬೇಕು. ಎದುರು ಮಾತನಾಡಬಲ್ಲ ಒಬ್ಬರನ್ನಾದರೂ ಹತ್ತಿರ ಇಟ್ಟುಕೊಳ್ಳದ ನಾಯಕರು ಬಹುಕಾಲ ಪ್ರಾಮಾಣಿಕರಾಗಿ ಉಳಿದದ್ದು ಅಪರೂಪ.

ಅಧಿಕಾರದಲ್ಲಿ ಇರುವವರು ಹೀಗೆ ಹೊರಗಿನ ಅಳತೆಗೆ ಒಳಪಡುವ ವ್ಯವಸ್ಥೆಗೆ ದೇಶದಲ್ಲಿ ಅಡಿಪಾಯ ಹಾಕಿದವರಲ್ಲಿ ಒಬ್ಬ ಕನ್ನಡಿಗರಿದ್ದಾರೆ. ಭ್ರಷ್ಟಾಚಾರ ತಡೆಯ ಕುರಿತ ಸಂತಾನಂ ಸಮಿತಿಯ ಶಿಫಾರಸಿನಂತೆ 1964ರಲ್ಲಿ ಕೇಂದ್ರ ಜಾಗೃತ ಆಯೋಗ ಆರಂಭವಾದಾಗ ಅದರ ಮೊದಲ ಆಯುಕ್ತರಾದವರು ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ನಿಟ್ಟೂರು ಶ್ರೀನಿವಾಸರಾಯರು. ಬೆಂಗಳೂರಿನಲ್ಲಿ ‘ಸತ್ಯಶೋಧನ ಪುಸ್ತಕ ಭಂಡಾರ’ವನ್ನು ಕಟ್ಟಿದವರೂ ಅವರೇ. ನೂರು ವರ್ಷ ತುಂಬಿ 2004ರಲ್ಲಿ ತೀರಿಕೊಂಡರು. ಕನ್ನಡದ ಶಾಲಾಪಠ್ಯಗಳಲ್ಲಿ ಅವರ ಹೆಸರು ಇನ್ನಷ್ಟು ಕಾಣಿಸಬೇಕಿತ್ತು.

ಈಗ ಪದ ಕಾಗದಕ್ಕೆ ಬಂದಿದೆ. ಸರ್ಕಾರಿ ನೌಕರರ ವಾರ್ಷಿಕ ವರದಿಯಲ್ಲಿ ಪ್ರಾಮಾಣಿಕತೆಗೆ ಒಂದು ಕಾಲಂ ಇರುತ್ತದೆ. ಸಾಮಾನ್ಯವಾಗಿ ಅಲ್ಲಿ ‘ಸಂದೇಹಾತೀತ’ ಎಂದು ಬರೆದು ಮುಗಿಸುತ್ತಾರೆ. ಛಾಪಾ ಕಾಗದದ ಮೇಲೆ ನೋಟರಿ ಮುದ್ರೆ ಬಿದ್ದರೆ ಪ್ರಮಾಣಪತ್ರ. ಕಾಗದವನ್ನು ಹಗುರವಾಗಿ ಕಾಣುವಂತಿಲ್ಲ. ದಿವ್ಯದ ಬೆಂಕಿಗಿಂತ, ದೇವಸ್ಥಾನದ ಮುಂದಿನ ಸವಾಲಿಗಿಂತ ಅದು ಎಷ್ಟೋ ಮೇಲು. ಅದನ್ನು ಯಾರು ಬೇಕಾದರೂ ಓದಬಹುದು, ತಪ್ಪಿದ್ದರೆ ತೋರಿಸಬಹುದು. ಓದುವವರಿಲ್ಲದಿದ್ದಾಗ ಮಾತ್ರ ಅದು ಬರಿಯ ಕಾಗದ.

ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳ ನಂತರ ಚುನಾವಣೆಗೆ ನಿಲ್ಲುವ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಆಸ್ತಿ, ಸಾಲ, ವಿದ್ಯಾಭ್ಯಾಸ, ತನ್ನ ಮೇಲಿರುವ ಕ್ರಿಮಿನಲ್ ಪ್ರಕರಣಗಳನ್ನು ಪ್ರಮಾಣಪತ್ರದಲ್ಲಿ ಬರೆದು ಸಲ್ಲಿಸಬೇಕು. ಸುಳ್ಳು ಮಾಹಿತಿ ಕೊಟ್ಟರೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಲು ಜನಪ್ರತಿನಿಧಿಗಳ ಕಾಯಿದೆಯಲ್ಲಿ ಅವಕಾಶವಿದೆ. ಆ ಪ್ರಮಾಣಪತ್ರಗಳು ಚುನಾವಣಾ ಆಯೋಗದ ಜಾಲತಾಣದಲ್ಲಿ ಇರುತ್ತವೆ. ಮುಂದಿನ ಸಲ ಮತಗಟ್ಟೆಗೆ ಹೋಗುವ ಮೊದಲು ನಿಮ್ಮ ಕ್ಷೇತ್ರದ ಅಭ್ಯರ್ಥಿಗಳದ್ದನ್ನು ತೆರೆದು ಓದಿ. ಕಳೆದ ಚುನಾವಣೆಯಲ್ಲಿ ಅವರೇ ಸಲ್ಲಿಸಿದ್ದರ ಪಕ್ಕದಲ್ಲಿಟ್ಟು ಓದಿ.